ಗದ್ದಲ ಹೋಗಲಿ, ತಂಬೂರಿ ಉಳಿಯಲಿ

ಬೆಂಗಳೂರಿನ ಪೀಣ್ಯದ ಬಾಡಿಗೆ ಮನೆಯಲ್ಲಿ ಮೊಬೈಲಿನಲ್ಲಿ ಹಿಡಿದ ಒಂದು ಕೀರ್ತನೆಯಲ್ಲಿ ಏನೇನು ಸೇರಿರುತ್ತದೆ? ಹಾಡು, ಎಲೆಕ್ಟ್ರಾನಿಕ್ ತಂಬೂರಿ, ತಲೆಯ ಮೇಲಿನ ಫ್ಯಾನು, ಪಕ್ಕದ ಶೆಡ್ಡಿನ ಕಂಪ್ರೆಸರು, ಲಾರಿಯ ಹಾರನ್ನು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಾದರೆ ಕರೆಂಟು ಹೋದ ಕೂಡಲೇ ಶುರುವಾಗುವ ಜನರೇಟರು, ನೀರಿನ ಟ್ಯಾಂಕರಿನ ಮೋಟಾರು. ಇದರಲ್ಲಿ ಸಂಗೀತ ಯಾವುದು, ಗದ್ದಲ ಯಾವುದು ಎಂದು ನಮ್ಮ ಕಿವಿ ಯೋಚಿಸದೆ ಹೇಳುತ್ತದೆ. ಯಂತ್ರಕ್ಕೆ ಅದನ್ನು ಯಾರಾದರೂ ಕಲಿಸಬೇಕು. ಧ್ವನಿಶುದ್ಧಿಯ ಆರು ದಶಕಗಳಲ್ಲಿ ಯಾರು ಏನನ್ನು ಕಲಿಸಿದರು ಎಂಬುದರ ಮೇಲೆಯೇ ನಮ್ಮ ಮನೆಯ ರೆಕಾರ್ಡಿಂಗುಗಳ ಗತಿ ನಿಂತಿದೆ.

ಈ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟ ರೇ ಡಾಲ್ಬಿ 1963ರಿಂದ ಎರಡು ವರ್ಷ ಯುನೆಸ್ಕೋ ಸಲಹೆಗಾರರಾಗಿ ಭಾರತದಲ್ಲೇ ಇದ್ದವರು. ಇಲ್ಲಿಂದ ಹೋದ ಮೇಲೆ, 1965ರಲ್ಲಿ, ಲಂಡನ್ನಿನಲ್ಲಿ ಕಂಪನಿ ತೆರೆದರು. ಟೇಪು ತಾನಾಗಿಯೇ ಹೊರಡಿಸುವ ‘ಸ್‌ಸ್’ ಸದ್ದು ಅವರ ಗುರಿ. ಮುದ್ರಿಸುವಾಗ ಮೆಲುವಾದ ಸ್ವರಗಳನ್ನು ಎತ್ತರಿಸಿ, ಕೇಳಿಸುವಾಗ ಅಷ್ಟೇ ಇಳಿಸಿದರೆ ಟೇಪಿನ ಸದ್ದೂ ಜೊತೆಗೆ ಇಳಿಯುತ್ತದೆ. 1968ರ ಡಾಲ್ಬಿ ಬಿ ಈ ಉಪಾಯವನ್ನು ಮನೆಯ ಡೆಕ್ಕುಗಳಿಗೆ ತಂದಿತು. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವವರು ಇದನ್ನು ನೆನಪಿಡಬೇಕು: ಡಾಲ್ಬಿ ಹಾಕಿ ಮುದ್ರಿಸಿದ ಕ್ಯಾಸೆಟ್ಟನ್ನು ಡಾಲ್ಬಿ ಇಲ್ಲದೆ ಕೇಳಿದರೆ ಮೇಲಿನ ಸ್ಥಾಯಿ ಕೀರಲಾಗುತ್ತದೆ. ಅದನ್ನು ಕೊಳೆ ಎಂದುಕೊಂಡು ಉಜ್ಜಹೊರಟರೆ ಹಾಡೇ ಸವೆಯುತ್ತದೆ. ಆದರೆ ಡಾಲ್ಬಿಯ ಉಪಾಯ ಟೇಪಿನ ಸದ್ದಿಗಷ್ಟೇ ಕಡಿವಾಣ. ಮೈಕಿಗೆ ಹೊಕ್ಕ ಫ್ಯಾನು ಅದಕ್ಕೂ ಹಾಡಿನ ಭಾಗವೇ.

ಒಳಗೆ ಬಂದದ್ದನ್ನು ತೆಗೆಯುವ ದಾರಿ ತೆರೆದದ್ದು ಕಂಪ್ಯೂಟರು. 1976ರಲ್ಲಿ ಥಾಮಸ್ ಸ್ಟಾಕ್‌ಹ್ಯಾಮ್ ಎಂಬ ಅಮೆರಿಕದ ಎಂಜಿನಿಯರ್ ಗಾಯಕ ಕರೂಸೋನ ಗ್ರಾಮಫೋನ್ ತಟ್ಟೆಗಳಿಗೆ ಡಿಜಿಟಲ್ ಚಿಕಿತ್ಸೆ ಕೊಟ್ಟ. 1979ರಲ್ಲಿ ಸ್ಟೀವನ್ ಬೋಲ್ ಪ್ರಕಟಿಸಿದ ಕ್ರಮ ಇನ್ನೂ ಸರಳ. ಯಾರೂ ಮಾತನಾಡದ ಕ್ಷಣಗಳಲ್ಲಿ ಉಳಿದ ಸದ್ದಿನ ಕಂಪನಾಂಕಗಳನ್ನು ಅಳೆದುಕೊಳ್ಳುವುದು, ಆಮೇಲೆ ಇಡೀ ಮುದ್ರಣದಿಂದ ಅಷ್ಟನ್ನು ಕಳೆಯುವುದು. 2000ದಲ್ಲಿ ಪುಕ್ಕಟೆಯಾಗಿ ಬಂದ ಆಡಾಸಿಟಿ ತಂತ್ರಾಂಶ ಇದೇ ಬಗೆಯ ಲೆಕ್ಕವನ್ನು ಮನೆಮನೆಗೆ ಮುಟ್ಟಿಸಿತು. ಇಂದಿಗೂ ಅದನ್ನು ಬಳಸುವ ಸಂಗೀತದ ಮೇಷ್ಟರು, ಟೆಕ್ಕಿಗಳು ಇದ್ದಾರೆ.

ಬೋಲ್‌ನ ಲೆಕ್ಕ ಕುಳಿತಿರುವುದು ಒಂದು ನಂಬಿಕೆಯ ಮೇಲೆ. ಮಾತು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಗದ್ದಲ ಒಂದೇ ಸಮನಾಗಿರುತ್ತದೆ. ಹಾಗಾಗಿ ಒಂದೇ ಸಮನಾಗಿರುವುದೆಲ್ಲ ಗದ್ದಲ. ಟೆಲಿಫೋನಿನ ಮಾತಿಗೆ ಇದು ಸರಿ, ನಮ್ಮ ಹಾಡಿಗಲ್ಲ. ಅದೇ 1979ರಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಕಂಪನಿ ಎಲೆಕ್ಟ್ರಾನಿಕ್ ಸಿಟಿಯ ಹೊಸೂರು ರಸ್ತೆಯಲ್ಲಿದೆ. ಒಂದೇ ಸಮನಾದ ನಾದವನ್ನು ಅಳಿಸುವ ಕ್ರಮವೂ, ಅದೇ ನಾದವನ್ನು ಹಾಡಿಗೆ ನೆಲವಾಗಿ ಹಾಸುವ ಪೆಟ್ಟಿಗೆಯೂ ಒಂದೇ ವರ್ಷ ಹುಟ್ಟಿದವು. ನಮ್ಮ ಮನೆಗಳಲ್ಲಿ ಎರಡೂ ಡಿಕ್ಕಿ ಹೊಡೆಯುತ್ತವೆ.

ಹೇಗೆಂದರೆ, ನಾವು ಮೊದಲು ತಂಬೂರಿ ಹಾಕುತ್ತೇವೆ, ಶ್ರುತಿ ಕಿವಿಯಲ್ಲಿ ನಿಂತ ಮೇಲೆ ಹಾಡುತ್ತೇವೆ. ರೆಕಾರ್ಡಿಂಗಿನ ಮೊದಲ ಸೆಕೆಂಡುಗಳಲ್ಲಿ ಫ್ಯಾನಿನ ಜೊತೆ ಷಡ್ಜ ಪಂಚಮಗಳೂ ಇರುತ್ತವೆ. ಅದನ್ನೇ ಗದ್ದಲದ ಮಾದರಿ ಎಂದು ತೋರಿಸಿದರೆ ತಂತ್ರಾಂಶ ಫ್ಯಾನನ್ನೂ ತಂಬೂರಿಯನ್ನೂ ಕೂಡಿಯೇ ಕಳೆಯುತ್ತದೆ. ಹಾಡುವವರು ಷಡ್ಜಕ್ಕೆ ಬಂದು ನಿಂತಾಗಲೆಲ್ಲ ಅವರ ಕಂಠದಿಂದಲೂ ಒಂದಿಷ್ಟು ಕಿತ್ತುಕೊಳ್ಳುತ್ತದೆ. ಉಳಿಯುವ ತುಣುಕುಗಳು ನೀರಿನ ಗುಳ್ಳೆಗಳ ಹಾಗೆ ಗುಳುಗುಳು ಎನ್ನುತ್ತವೆ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಮದ್ದಿಗೆ ಕಾಸೂ ಖರ್ಚಿಲ್ಲ: ಮೊದಲ ಹತ್ತು ಸೆಕೆಂಡು ತಂಬೂರಿಯನ್ನೂ ನಿಲ್ಲಿಸಿ, ಬರೀ ಕೋಣೆಯನ್ನು ಮುದ್ರಿಸಿಕೊಳ್ಳುವುದು.

ಕರೆಂಟಿನ ಗುಂಯ್‌ಗುಟ್ಟುವಿಕೆಯದು ಬೇರೆ ಪೇಚು. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್. ಅದರ ಅಪವರ್ತ್ಯಗಳು 100, 150, 200. ಎರಡು ಮನೆ ಶ್ರುತಿಯಲ್ಲಿ ಹಾಡುವ ಗಂಡಸಿನ ಷಡ್ಜ ಸುಮಾರು 147 ಹರ್ಟ್ಸ್. 150ರ ಬಳಿ ಅಗಲವಾದ ಫಿಲ್ಟರ್ ಹಾಕಿದರೆ ಗುಂಯ್ ಸದ್ದಿನ ಜೊತೆ ಷಡ್ಜವೂ ಸೊರಗುತ್ತದೆ. ತೀರಾ ಕಿರಿದಾದ ಫಿಲ್ಟರೇ ಬೇಕು. ಪೀಣ್ಯದ ಮೋಟಾರುಗಳಿಗೆ ಅದೂ ಸಾಲದು, ಹೊರೆ ಬಿದ್ದಂತೆ ಅವುಗಳ ವೇಗ ಜಾರುತ್ತದೆ, ಸದ್ದೂ ಜಾಗ ಬದಲಿಸುತ್ತದೆ.

ಗದ್ದಲ ಹೇಗಿದೆ ಎಂದು ಅಳೆದರೆ ಸಾಲದು, ನಮಗೆ ಬೇಕಾದ ಧ್ವನಿ ಹೇಗಿರುತ್ತದೆ ಎಂದೂ ಯಂತ್ರಕ್ಕೆ ಗೊತ್ತಿರಬೇಕು. ಈ ದಿಕ್ಕಿನ ಕೆಲಸ ಬೆಂಗಳೂರಿನಲ್ಲೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ಶ್ರೀನಿವಾಸ್ ಮತ್ತು ಸಹಲೇಖಕರು 1996ರಲ್ಲಿ, ಮಾತಿನ ಆಕಾರಗಳನ್ನು ಮೊದಲೇ ಒಂದು ಕೋಶದಲ್ಲಿ ಕಲೆಹಾಕಿಕೊಂಡು, ಶುದ್ಧೀಕರಣ ಆ ಆಕಾರಗಳನ್ನು ಮೀರದಂತೆ ಕಟ್ಟುಹಾಕುವ ವಿಧಾನವನ್ನು ಪ್ರಕಟಿಸಿದರು. ಮುಂದೆ ಕಂಪ್ಯೂಟರಿನ ನರಜಾಲಗಳು (ನ್ಯೂರಲ್ ನೆಟ್‌ವರ್ಕ್) ದೊಡ್ಡ ಪ್ರಮಾಣದಲ್ಲಿ ಮಾಡಿದ್ದೂ ಇದೇ, ಉದಾಹರಣೆಗಳಿಂದ ಕಲಿಯುವುದು. 2017ರ ಆರ್‌ಎನ್‌ನಾಯ್ಸ್ ಅಂಥದೊಂದು ಪುಟ್ಟ ಜಾಲ.

ಆದರೆ ಅವು ಕಲಿತದ್ದು ಬಹುಪಾಲು ಮಾತನ್ನು. 2020ರಲ್ಲಿ ಕೊರೊನಾ ಬಂದು ಪಾಠಗಳೆಲ್ಲ ಜೂಮಿಗೆ ಹೋದಾಗ ಇದು ಬಯಲಾಯಿತು. ಜೂಮಿನ ಗದ್ದಲ ಅಳಿಸುವ ಲೆಕ್ಕಕ್ಕೆ ಸಿಕ್ಕಿ ಮೇಷ್ಟರ ಕಡೆಯ ತಂಬೂರಿ ಕೆಲವೇ ಕ್ಷಣಗಳಲ್ಲಿ ಮಾಯ. ದೀರ್ಘವಾಗಿ ಹಿಡಿದ ತಾರಷಡ್ಜವೂ ನಡುವೆಯೇ ಕರಗುತ್ತಿತ್ತು. ಆ ಲೆಕ್ಕವನ್ನು ನಿಲ್ಲಿಸುವ ‘ಒರಿಜಿನಲ್ ಸೌಂಡ್’ ಎಂಬ ಗುಂಡಿಯನ್ನು ಹುಡುಕಿ ಒತ್ತಿದವರಿಗಷ್ಟೇ ಶ್ರುತಿ ಉಳಿಯಿತು. ಆಫೀಸಿನ ಮೀಟಿಂಗಿಗೆ ವರವಾದದ್ದು ಅದೇ ಮನೆಯ ಪಕ್ಕದ ಕೋಣೆಯ ಪಾಠಕ್ಕೆ ಕುತ್ತಾಯಿತು.

ಈಚಿನ ದಾರಿ, ಕಳೆಯುವುದನ್ನು ಬಿಟ್ಟು ಬಿಡಿಸುವುದು. 2019ರಲ್ಲಿ ಬಂದ ಸ್ಪ್ಲೀಟರ್, ಡೆಮಕ್ಸ್ ತಂತ್ರಾಂಶಗಳು ಹಾಡಿನ ಪದರಗಳನ್ನು ಬೇರ್ಪಡಿಸುತ್ತವೆ. ಇಂಥ ಕಲಿಕೆಯ ಬಲಕ್ಕೆ ಜಗತ್ತು ಕಂಡ ಸಾಕ್ಷಿ 2023ರ ಬೀಟಲ್ಸ್ ಹಾಡು ‘ನೌ ಅಂಡ್ ದೆನ್’. ಜಾನ್ ಲೆನನ್ ಎಪ್ಪತ್ತರ ದಶಕದಲ್ಲಿ ಮನೆಯ ಕ್ಯಾಸೆಟ್ಟಿಗೆ ಹಾಡಿಟ್ಟದ್ದನ್ನು 1995ರಲ್ಲಿ ಉಳಿದ ಸದಸ್ಯರು ಪಿಯಾನೋ ಮತ್ತು ಕರೆಂಟಿನ ಸದ್ದಿನಿಂದ ಬಿಡಿಸಲಾಗದೆ ಕೈಬಿಟ್ಟಿದ್ದರು. ಮನೆಯ ರೆಕಾರ್ಡಿಂಗಿಗೂ ಮರುಹುಟ್ಟು ಉಂಟು ಎಂಬ ಭರವಸೆ ನನಗೆ ಬಂದದ್ದು ಇದರಿಂದ.

ನಮ್ಮ ಹಾಡಿಗೆ ಈ ಬಿಡಿಸುವ ದಾರಿ ಇನ್ನೂ ಪೂರ್ತಿ ಒಗ್ಗಿಲ್ಲ. ಈ ಸಂಶೋಧನೆಯ ಮುಖ್ಯ ಪಾಠಸಂಗ್ರಹ ಮ್ಯೂಸ್‌ಡಿಬಿ18ರಲ್ಲಿ 150 ಹಾಡುಗಳಿದ್ದು, ಗಾಯನ, ಡ್ರಮ್, ಬೇಸ್, ‘ಇತರೆ’ ಎಂಬ ನಾಲ್ಕೇ ಪದರಗಳಿವೆ. ಪಿಟೀಲು, ತಂಬೂರಿಗಳಿಗೆ ‘ಇತರೆ’ಯಲ್ಲಿ ಮಾತ್ರ ಜಾಗ. ಗಾಯಕರನ್ನು ನೆರಳಿನಂತೆ ಹಿಂಬಾಲಿಸುವ ಪಿಟೀಲು ಗಾಯನದ ಪದರದೊಳಕ್ಕೂ ನುಸುಳುತ್ತದೆ. ಬಾರ್ಸಿಲೋನಾದ ಪಾಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಂಶೋಧಕರು ‘ಸರಗ’ ಎಂಬ ಸಂಗ್ರಹದಲ್ಲಿ ಕರ್ನಾಟಕ ಸಂಗೀತದ ಕಚೇರಿಗಳನ್ನು, ಪ್ರತಿ ಮೈಕಿನ ಧ್ವನಿಯೂ ಬೇರೆಬೇರೆಯಾಗಿರುವಂತೆ, ಸೇರಿಸಿದರು. ವೇದಿಕೆಯಲ್ಲಿ ಪಕ್ಕಪಕ್ಕ ಕುಳಿತವರಲ್ಲಿ ಒಬ್ಬರ ಧ್ವನಿ ಇನ್ನೊಬ್ಬರ ಮೈಕಿಗೆ ಸೋರಿರುತ್ತದೆ. ಆ ಸೋರಿಕೆಯ ನಡುವೆಯೇ ಗಾಯನ ಬಿಡಿಸಲು ಕಲಿಯುವ ವಿಧಾನವನ್ನು 2023ರಲ್ಲಿ ಪ್ರಕಟಿಸಿದರು. ಈ ಕೆಲಸಕ್ಕೆ ನಾವು ಋಣಿಗಳು. ಆದರೆ ಅದು ಕಚೇರಿಯ ಮಾತು, ಮನೆಯದಲ್ಲ.

ಮನೆಗಾಗಿ ಬೇಕಾದ ಸಾಮಗ್ರಿ ದೂರದಲ್ಲಿಲ್ಲ. ಇಂಥ ಜಾಲಗಳಿಗೆ ಕಲಿಸುವ ರೂಢಿಯ ವಿಧಾನವೆಂದರೆ, ಶುದ್ಧವಾದ ಹಾಡಿಗೆ ಬೇಕೆಂದೇ ಗದ್ದಲ ಬೆರೆಸಿ, ಅದನ್ನು ಬಿಡಿಸಲು ಬಿಡುವುದು. ರಾಡೆಲ್ ಇರುವ ಅದೇ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಐಐಐಟಿ ಬೆಂಗಳೂರು ಇದೆ, ಅಲ್ಲಿ ಧ್ವನಿ ಸಂಸ್ಕರಣೆ ಓದುವ ಹುಡುಗ ಹುಡುಗಿಯರಿದ್ದಾರೆ. ಪೀಣ್ಯದ ಕಂಪ್ರೆಸರು, ವೈಟ್‌ಫೀಲ್ಡಿನ ಜನರೇಟರು, ಮಿಕ್ಸಿ, ಕುಕ್ಕರಿನ ಸೀಟಿ, ಇವನ್ನೆಲ್ಲ ಅವರು ಒಂದೊಂದಾಗಿ, ಹಾಡಿಲ್ಲದೆ ಮುದ್ರಿಸಬೇಕು. ತಂಬೂರಿಯನ್ನೂ ಎಲ್ಲ ಶ್ರುತಿಗಳಲ್ಲಿ ಮುದ್ರಿಸಬೇಕು, ಆದರೆ ಅದನ್ನು ಜೋಡಿಸಬೇಕಾದ್ದು ಉಳಿಸಬೇಕಾದವುಗಳ ಪಟ್ಟಿಗೆ. ಅಲ್ಲಿಯವರೆಗೆ ಮನೆಯವರು ಶುದ್ಧ ಮಾಡಿದ ಪ್ರತಿಯ ಜೊತೆ ಮೂಲ ಫೈಲನ್ನೂ ಅಳಿಸದೆ ಇಟ್ಟುಕೊಳ್ಳಲಿ.