ಎಂಜಿನ್ನಿನ ಕೂಗು: ಅಡಗಿಸಿದ ಕಾಲ, ಆಲಿಸಿದ ಕಾಲ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಗ್ಯಾರೇಜುಗಳಲ್ಲಿ ‘ಗಾಡಿ ನಾಕಿಂಗ್ ಹೊಡೀಲಿಕ್ಕತ್ತೈತಿ’ ಎಂಬ ಮಾತು ಹಳೆಯದು. ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಎಂಜಿನ್ನಿನಿಂದ ಬರುವ ಟಣಟಣ ಸದ್ದದು. ಈಗ ನಮ್ಮ ಹುಡುಗರು ದೊಡ್ಡ ಊರುಗಳಿಗೆ ಹೋಗಿ ಕಾರಿಗೆ ಟ್ಯೂನಿಂಗ್ ಮಾಡಿಸಿಕೊಂಡು ಬರುತ್ತಾರೆ. ಅದೇ ಸದ್ದು ಅವರ ಮೊಬೈಲಿನಲ್ಲಿ ಅಂಕಿಯಾಗಿ ಕಾಣುತ್ತದೆ. ಆ ಅಂಕಿಯ ಹಿಂದೆ ನೂರು ವರ್ಷದ ಚರಿತ್ರೆಯಿದೆ.

ಮೊದಲು ಟೈಮಿಂಗ್ ಎಂದರೇನು ನೋಡೋಣ. ಪ್ಲಗ್ ಕಿಡಿ ಹಾರಿಸಿದ ಕೂಡಲೇ ಸಿಲಿಂಡರಿನ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಮ್ಮೆಗೇ ಉರಿಯುವುದಿಲ್ಲ. ಭತ್ತದ ಕೂಳೆಗೆ ಹಚ್ಚಿದ ಬೆಂಕಿಯಂತೆ ಒಂದು ಕಡೆಯಿಂದ ಹಬ್ಬುತ್ತದೆ. ಅದಕ್ಕೆ 2 ಮಿಲಿಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಅಷ್ಟರಲ್ಲಿ ಕ್ರ್ಯಾಂಕ್ 36 ಡಿಗ್ರಿ ಸರಿದಿರುತ್ತದೆ. ಪಿಸ್ಟನ್ ತುದಿ ಮುಟ್ಟಿ ಸುಮಾರು 15 ಡಿಗ್ರಿ ಇಳಿದಾಗ ಒತ್ತಡ ಗರಿಷ್ಠವಾಗಿದ್ದರೆ ಒಳ್ಳೆಯ ಶಕ್ತಿ ಸಿಗುತ್ತದೆ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಕೊಡಬೇಕು. ಇದೇ ಅಡ್ವಾನ್ಸ್. ಅದು ಅತಿಯಾದರೆ, ಮೂಲೆಯಲ್ಲಿ ಉಳಿದ ಮಿಶ್ರಣ ಬೆಂಕಿ ತಲುಪುವ ಮೊದಲೇ ಒತ್ತಡ ಮತ್ತು ಶಾಖಕ್ಕೆ ತಾನಾಗಿಯೇ ಸಿಡಿಯುತ್ತದೆ. ನಾಕಿಂಗ್ ಎಂದರೆ ಇದೇ. ಜೋರಾಗಿ ಮುಂದುವರಿದರೆ ರಿಂಗ್ ಮುರಿಯುತ್ತದೆ, ಪಿಸ್ಟನ್ ತೂತಾಗುತ್ತದೆ.

ಅಂಬಾಸಿಡರ್ ಕಾಲದಲ್ಲಿ ಇದಕ್ಕೆ ಮೆಕ್ಯಾನಿಕ್‌ನ ಕಿವಿಯೇ ಮೀಟರ್. ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ ತುಸು ತಿರುಗಿಸುವುದು, ಟಾಪ್ ಗೇರಿನಲ್ಲಿ ಏರು ಹತ್ತಿಸುವುದು, ಸದ್ದು ಕೇಳಿಸಿದರೆ ಕೂದಲೆಳೆಯಷ್ಟು ಹಿಂದೆ ತರುವುದು.

ಕಿವಿಯ ಈ ವಿದ್ಯೆಯ ಜೊತೆಗೇ ಸದ್ದನ್ನು ಅಡಗಿಸುವ ದಾರಿಯೂ ಬೆಳೆಯಿತು. 1921ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಗ್ಲೀ ತಂಡವು ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡಿತು. ಆಲ್ಕೋಹಾಲ್ ಕೂಡ ಅದೇ ಕೆಲಸ ಮಾಡುತ್ತದೆಂದು ಅವರಿಗೆ ಗೊತ್ತಿತ್ತು. ಆದರೂ ಮಾರುಕಟ್ಟೆಗೆ ಬಂದದ್ದು ಸೀಸ. 1924ರಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಅದರ ವಿಷಕ್ಕೆ 5 ಕಾರ್ಮಿಕರು ಸತ್ತರು. ಎಂಜಿನ್ ಸುಮ್ಮನಾಯಿತು, ಹೊಗೆಯಲ್ಲಿನ ಸೀಸ ಮಕ್ಕಳ ರಕ್ತ ಸೇರಿತು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಕುರಿತೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರುವರಿ 1ರಿಂದ ದೇಶದ ಎಲ್ಲ ಬಂಕುಗಳಲ್ಲೂ ಸೀಸರಹಿತ ಪೆಟ್ರೋಲ್ ಬಂತು. ಅಂದು ಬಿಟ್ಟ ಆಲ್ಕೋಹಾಲ್ ಇಂದು ಶೇ 20ರಷ್ಟು ಎಥೆನಾಲ್ ಆಗಿ ನಮ್ಮ ಬಂಕಿಗೆ ಮರಳಿದೆ.

ಇನ್ನೊಂದು ದಾರಿ, ಸದ್ದನ್ನು ಆಲಿಸುವುದು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಅದೇ ತತ್ವದ ನಾಕ್ ಸೆನ್ಸರ್ 1980ರ ದಶಕದಲ್ಲಿ ಕಾರುಗಳಲ್ಲಿ ಹರಡಿತು. ಅದನ್ನು ಬೋಲ್ಟ್ ಹಾಕಿ ಕೂರಿಸುವುದು ಎಂಜಿನ್ ಬ್ಲಾಕಿನ ಮೇಲೆ. ನಮ್ಮ ಜಿಲ್ಲೆಯ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಎರಕ ಹೊಯ್ಯುವುದೂ ಇಂಥ ಬ್ಲಾಕು, ಹೆಡ್ಡುಗಳನ್ನೇ. ಸಿಡಿತದಿಂದ ಬ್ಲಾಕ್ ಸೆಕೆಂಡಿಗೆ ಆರೇಳು ಸಾವಿರ ಸಲ ಕಂಪಿಸುತ್ತದೆ. ಸೆನ್ಸರ್ ಅದನ್ನು ಇಸಿಯುಗೆ ಮುಟ್ಟಿಸುತ್ತದೆ, ಇಸಿಯು ಕಿಡಿಯನ್ನು ಒಂದೆರಡು ಡಿಗ್ರಿ ತಡ ಮಾಡಿ, ಸದ್ದು ನಿಂತ ಮೇಲೆ ಮೆಲ್ಲಗೆ ಹಿಂದಿರುಗಿಸುತ್ತದೆ. ಮೊಬೈಲಿನಲ್ಲಿ ‘ನಾಕ್ ರಿಟಾರ್ಡ್’ ಎಂದು ಕಾಣುವುದು ಹೀಗೆ ತಡಮಾಡಿದ ಡಿಗ್ರಿ.

ಒಮ್ಮೆ ಕಂಡು ಮಾಯವಾದ ಒಂದು ಡಿಗ್ರಿಗೆ ಹೆದರಬೇಕಿಲ್ಲ. ಸಡಿಲ ಬ್ರಾಕೆಟ್, ತಳಕ್ಕೆ ಬಡಿದ ಜಲ್ಲಿಕಲ್ಲು ಕೂಡ ಸೆನ್ಸರನ್ನು ಮೋಸಗೊಳಿಸಬಲ್ಲವು. ಅದೇ ಆರ್‌ಪಿಎಂ, ಅದೇ ಭಾರದಲ್ಲಿ ಮತ್ತೆ ಮತ್ತೆ ಬಂದರೆ, ಬಿಸಿಲೇರಿದಂತೆ ಹೆಚ್ಚಿದರೆ, ಅದು ನಿಜವಾದ ನಾಕಿಂಗ್ ಎಂದೇ ತಿಳಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೊಪ್ಪಳ ಸುಮಾರು 530. ನಮ್ಮಲ್ಲಿ ಗಾಳಿ ಹೆಚ್ಚು ಸಾಂದ್ರ, ಏಪ್ರಿಲ್ ಬಿಸಿಲು 40 ಡಿಗ್ರಿ. ಅಲ್ಲಿನ ತಂಪಿನಲ್ಲಿ, ದುಬಾರಿ ಪೆಟ್ರೋಲ್ ಹಾಕಿ ಕೂರಿಸಿದ ಟೈಮಿಂಗ್ ಇಲ್ಲಿ ಅತಿಯಾಗಬಹುದು. ಸೀಮೆಎಣ್ಣೆ ಬೆರೆತ ಪೆಟ್ರೋಲಾದರಂತೂ ಕೇಳುವುದೇ ಬೇಡ.

ಆಗ ಮಾಡಬೇಕಾದ್ದು ಅಡ್ವಾನ್ಸ್ ತಗ್ಗಿಸುವುದು, ಒಳ್ಳೆಯ ಪೆಟ್ರೋಲ್ ಹಾಕುವುದು. ಆದರೆ ‘ಸೆನ್ಸರ್ ಭಾಳ ಸೂಕ್ಷ್ಮ ಐತಿ’ ಎಂದು ಸಾಫ್ಟ್‌ವೇರಿನಲ್ಲಿ ಅದರ ಕಿವಿ ಮುಚ್ಚಿಸುವವರೂ ಇದ್ದಾರೆ. ಪರದೆಯಲ್ಲಿ ಸೊನ್ನೆ ಬರುತ್ತದೆ, ಸಿಡಿತ ನಿಲ್ಲುವುದಿಲ್ಲ. ಸೀಸ ಹಾಕಿ ಸದ್ದು ಅಡಗಿಸಿದವರ ಲೆಕ್ಕವನ್ನು ಊರಿನ ಮಕ್ಕಳು ತೀರಿಸಿದರು. ಸೆನ್ಸರಿನ ಕಿವಿ ಮುಚ್ಚಿದ ಲೆಕ್ಕ, ಕಂತು ಇನ್ನೂ ತೀರದ ಕಾರಿನ ಮನೆಯವರ ಪಾಲಿಗೆ ಬರುತ್ತದೆ. ಟ್ಯೂನಿಂಗ್ ಮಾಡಿಸುವವರು ‘ಎಷ್ಟು ಎಚ್‌ಪಿ ಏರಿತು’ ಎಂದು ಕೇಳುವ ಮೊದಲು ‘ನಾಕ್ ಸೆನ್ಸರ್ ಮೊದಲಿನಂಗೇ ಕೆಲಸ ಮಾಡ್ತದೇನ್ರಿ’ ಎಂದು ಕೇಳಲಿ.