ಜಿಪ್ಸಿಯ ಎತ್ತರ

1970ರಲ್ಲಿ ಜಪಾನಿನ ಸುಜುಕಿ ಹೊರತಂದ ಎಲ್‌ಜೆ10 ಜೀಪಿನ ಎಂಜಿನ್ 359 ಸಿಸಿ ಮಾತ್ರ. ಅಲ್ಲಿನ ಪುಟ್ಟ ಕಾರುಗಳ ಕಾನೂನು ಉದ್ದವನ್ನು ಮೂರು ಮೀಟರಿಗೆ ಮಿತಿಗೊಳಿಸಿತ್ತು. ಹಾಗಾಗಿ ಸ್ಟೆಪ್ನಿಯನ್ನು ಒಳಗೇ ಇಟ್ಟರು. ಒಬ್ಬರ ಸೀಟು ಟೈರಿನ ಪಾಲಾಯಿತು!

ಇದೇ ವಂಶದ ಎಸ್‌ಜೆ410 ಮಾದರಿ 1985ರಲ್ಲಿ ಮಾರುತಿ ಜಿಪ್ಸಿಯಾಗಿ ಭಾರತಕ್ಕೆ ಬಂತು. ಸೇನೆ, ಪೊಲೀಸ್, ಅರಣ್ಯ ಇಲಾಖೆಗಳು ಅದನ್ನು ಹೆಚ್ಚಾಗಿ ಇದ್ದಂತೆಯೇ ಓಡಿಸಿದವು. ಎತ್ತರದ ಹುಚ್ಚು ಹತ್ತಿದ್ದು ಕಾಡುದಾರಿಯ ಹವ್ಯಾಸಿಗಳಿಗೆ.

ದೊಡ್ಡ ಟೈರು ಹಾಕಿದರೆ ಆಕ್ಸಲ್ ಮೇಲೇಳುತ್ತದೆ, ಆದರೆ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು ಮಾತ್ರ. ಟೈರು ಮಡ್‌ಗಾರ್ಡಿಗೆ ಉಜ್ಜದಿರಲು ಬಾಡಿಯನ್ನೂ ಎತ್ತಬೇಕು. ಕಾರ್ಖಾನೆಯಲ್ಲಿ ಜಿಪ್ಸಿಯ ಲೀಫ್ ಸ್ಪ್ರಿಂಗ್‌ಗಳನ್ನು ಆಕ್ಸಲಿನ ಕೆಳಗೆ ಕಟ್ಟಿರುತ್ತಿದ್ದರು. ಅವನ್ನು ಮೇಲಕ್ಕೆ ತಂದು ಕೂರಿಸಿದರೆ ಗಾಡಿ ಒಮ್ಮೆಗೇ ಸುಮಾರು ಐದು ಇಂಚು ಏರುತ್ತದೆ. ಅಗ್ಗದ ಉಪಾಯವೇ ಸರಿ, ಆದರೆ ಪೂರ್ತಿ ಪುಕ್ಕಟೆಯಲ್ಲ. ಕಡಿದಾದ ಏರಿನಲ್ಲಿ ಆಕ್ಸಲ್ ತಿರುಚಿ ಸ್ಪ್ರಿಂಗ್ ಹಾವಿನಂತೆ ಬಳುಕುತ್ತದೆ; ಬ್ರೇಕ್ ಹೋಸು ಸಾಲುವುದಿಲ್ಲ, ಸ್ಟೇರಿಂಗ್ ರಾಡಿನ ಕೋನ ಕೆಡುತ್ತದೆ.

ಇನ್ನೊಂದು ಪೆಟ್ಟು ಎಂಜಿನ್ನಿಗೆ. ಟೈರು ದೊಡ್ಡದಾದಷ್ಟೂ 970 ಸಿಸಿಯ ಎಂಜಿನ್ ಏದುಸಿರು ಬಿಡುತ್ತದೆ. ಇಲ್ಲಿ ಕೈಹಿಡಿದದ್ದು ಗೇರ್‌ಬಾಕ್ಸಿನಿಂದ ಬೇರೆಯಾಗಿ ಕೂತು, ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುತ್ತಿದ್ದ ಟ್ರಾನ್ಸ್‌ಫರ್ ಕೇಸ್. ಅದೊಂದನ್ನೇ ಬಿಚ್ಚಿ, ಒಳಗೆ ಇನ್ನೂ ನಿಧಾನದ ಹಲ್ಲುಚಕ್ರ ಹಾಕಬಹುದಿತ್ತು.

ಇದೇ ವಂಶದ 1998ರ ಜಿಮ್ನಿಯಲ್ಲಿ ಕಾಯಿಲ್ ಸ್ಪ್ರಿಂಗ್ ಇದ್ದುದರಿಂದ ಅದರಲ್ಲಿ ಲೀಫ್ ಸ್ಪ್ರಿಂಗಿನ ಆ ಅದಲುಬದಲಿಗೆ ಅವಕಾಶ ಉಳಿಯಲಿಲ್ಲ. ಉದ್ದದ ಕಾಯಿಲ್, ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರ್ ಕೊಳ್ಳುವುದೇ ರೂಢಿಯಾಯಿತು.