ಒತ್ತಕ್ಷರಕ್ಕೆ ಮನೆ ಕೊಡದ ಪರದೆ

ಶಹಾಪುರಕ್ಕೆ ರೈಲಿಲ್ಲ, ಸುರಪುರಕ್ಕೂ ಇಲ್ಲ. ಮುಂಬೈ, ಪುಣೆಗೆ ದುಡಿಯಲು ಹೊರಟವರು ಯಾದಗಿರಿಗೇ ಬಂದು ರೈಲು ಹತ್ತಬೇಕು. ರಿಸರ್ವೇಷನ್ ಕಿಟಕಿಗೆ ಬಗ್ಗಿ "ಸೀಟ್ ಅದಾವೇನ್ರೀ?" ಅಂತ ಕೇಳಿದರೆ, ಒಳಗಿದ್ದವರು ಪರದೆ ನೋಡಿ ಉತ್ತರ ಹೇಳೋರು. ದೇಶದ ಇಂಥ ಕಿಟಕಿಗಳ ಹಿಂದೆ ಆಗ ಬಹುಪಾಲು ಇದ್ದದ್ದು ಟರ್ಮಿನಲ್. ಅಂದರೆ ಬರೀ ಪರದೆ ಮತ್ತು ಕೀಬೋರ್ಡ್. ಲೆಕ್ಕ ಮಾಡೋ ಕಂಪ್ಯೂಟರ್ ದೂರದ ಊರಲ್ಲಿ. ಅದಕ್ಕೇ ಇದನ್ನು 'ಡಂಬ್ ಟರ್ಮಿನಲ್' ಅಂತ ಕರೀತಿದ್ದರು.

ಈಗ ಆ ಪೆಟ್ಟಿಗೆಗಳು ಗುಜರಿ ಸೇರಿವೆ. ಅವುಗಳ ವೇಷ ಹಾಕೋ ಸಾಫ್ಟ್‌ವೇರ್ ಇದೆ, ಹೆಸರು ಟರ್ಮಿನಲ್ ಎಮ್ಯುಲೇಟರ್. ಹಳೇ ಕಂಪ್ಯೂಟರ್ ಕೂಡಿಡುವ ಹವ್ಯಾಸಿಗಳಲ್ಲಿ ಇದೇ ದೊಡ್ಡ ಜಗಳ. ಆ ಹಸಿರು ಬೆಳಕು, ಆ ಕೀಲಿಗಳ ಸದ್ದು ಅಸಲಿಯಲ್ಲಿ ಮಾತ್ರ ಅಂತ ಒಂದು ಗುಂಪು. ಕೆಲಸ ಆಗುತ್ತಲ್ಲ, ನಕಲು ಸಾಕು ಅಂತ ಇನ್ನೊಂದು.

ನಿಜ ಹೇಳಬೇಕೆಂದರೆ, ಅಸಲಿ ಅನ್ನಿಸಿಕೊಂಡದ್ದೂ ನಕಲೇ. 1963ರ ಟೆಲಿಟೈಪ್ ಮಾಡೆಲ್ 33 ಕಾಗದದ ಮೇಲೆ ಕುಟ್ಟುತ್ತಿತ್ತು. ಆ ಕಾಗದವನ್ನೇ ಗಾಜಿನ ಪರದೆಗೆ ತಂದವು ಮುಂದಿನ ಟರ್ಮಿನಲ್‌ಗಳು. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ವಿಟಿ100 ಬಂತು. ಅದರೊಳಗೆ ಇಂಟೆಲ್ 8080 ಚಿಪ್ ಇತ್ತು, ತನ್ನ ಅಣ್ಣ ವಿಟಿ52ರ ಹಾಗೆ ನಟಿಸುವ ವ್ಯವಸ್ಥೆಯೂ ಇತ್ತು. 1984ರ ಎಕ್ಸ್‌ಟರ್ಮ್ ಈ ವಿಟಿ ಮನೆತನವನ್ನೇ ಸಾಫ್ಟ್‌ವೇರ್ ಮಾಡಿತು. ಹಾಗಾಗಿ ಅಸಲಿಯೋ ನಕಲೋ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ನಕಲು ಮಾಡುವಾಗ ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು?

ಉಳಿಸಿಕೊಂಡದ್ದು ಮನೆಗಳನ್ನು. ಚೌಕಾಬಾರದ ಹಾಗೆ ಸಾಲಿಗೆ 80 ಮನೆ, ಒಟ್ಟು 24 ಸಾಲು. 80 ಎಲ್ಲಿಂದ ಬಂತು ಅಂದರೆ, 1928ರ ಐಬಿಎಂ ತೂತಿನ ಕಾರ್ಡಿನತ್ತ ಬೆರಳು ತೋರಿಸುತ್ತಾರೆ. ನಿಯಮ ಸರಳ: ಒಂದು ಅಕ್ಷರ, ಒಂದು ಮನೆ. ಇಂಗ್ಲಿಷಿಗೆ ಸರಿ. ಕನ್ನಡಕ್ಕೆ?

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಕಪ್ಪು ಕಿಟಕಿ ತೆರೆದು ಒಂದು ಫೋಲ್ಡರಿಗೆ 'ಕೃಷ್ಣಾ' ಅಂತ ಹೆಸರಿಟ್ಟೆ. ನಮ್ಮ ಸುರಪುರ ಸೀಮೆಯ ನದಿ ತಾನೇ? ಬಂದದ್ದು 'ಕೃಷ್‌ಣಾ'. ಕರ್ಸರ್ ಎಲ್ಲೋ, ಅಕ್ಷರ ಎಲ್ಲೋ. ನಮ್ಮ ಕಣ್ಣಿಗೆ ಎರಡು ಅಕ್ಷರ, ಯಂತ್ರಕ್ಕೆ ಆರು ಸಂಕೇತ. ಇಂದಿಗೂ ಹಲವು ಎಮ್ಯುಲೇಟರ್‌ಗಳು ಇಲ್ಲೇ ಎಡವುತ್ತವೆ. ಒತ್ತಕ್ಷರ ಬೇಡ, ಬರೀ 'ಯಾದಗಿರಿ' ಅನ್ನಿ. ನಾಲ್ಕು ಅಕ್ಷರ, ಏಳು ಸಂಕೇತ. ಎಷ್ಟು ಮನೆ ಕೊಡಬೇಕು?

ಹಾಗಾದರೆ ಇದು ಬಗೆಹರಿಯದ ಸಮಸ್ಯೆಯಾ? ಅಲ್ಲ ಸ್ವಾಮಿ! ಕಾನ್ಪುರದ ಐಐಟಿಯಲ್ಲಿ ಎಂಬತ್ತರ ದಶಕದಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ತಂತ್ರಜ್ಞಾನ ಇದನ್ನು ಎದುರಿಸಿತ್ತು. ಜಿಸ್ಟ್ ಟರ್ಮಿನಲ್ ಹೊರಗಿನ ಕಂಪ್ಯೂಟರಿಗೆ ವಿಟಿ ಟರ್ಮಿನಲ್‌ನಂತೆ ಕಾಣುತ್ತಿತ್ತು. ಒಳಗೆ, ಉಚ್ಚಾರದ ಕ್ರಮದಲ್ಲಿ ಬಂದ ಸಂಕೇತಗಳನ್ನು ಕೂಡಿಸಿ ಭಾರತೀಯ ಲಿಪಿ ಮೂಡಿಸುತ್ತಿತ್ತು. ಆ ಸಂಕೇತಗಳ ಪಟ್ಟಿ 'ಇಸ್ಕೀ' 1991ರಲ್ಲಿ ಭಾರತೀಯ ಮಾನಕವೂ ಆಯಿತು. ಅಂದರೆ 'ಡಂಬ್' ಅನ್ನಿಸಿಕೊಂಡ ಜಾತಿಯ ಪೆಟ್ಟಿಗೆಯೊಂದು ನಮ್ಮ ಲಿಪಿ ಕಲಿತಿತ್ತು. ಜಗತ್ತು ನಕಲು ಮಾಡಿದ್ದು ವಿಟಿಯನ್ನು, ಜಿಸ್ಟನ್ನಲ್ಲ.

ಬೇರೆಯವರ ಅಚ್ಚಿಗೆ ನಮ್ಮ ಹೆಸರು ಬಗ್ಗಿದ್ದು ಹೊಸದೇನಲ್ಲ ಬಿಡಿ. ಸುರಪುರ ಬ್ರಿಟಿಷರ ದಾಖಲೆಯಲ್ಲಿ ಶೋರಾಪುರ. ಯಾದಗಿರಿ ರೈಲ್ವೆಗೆ ಬರೀ 'ವೈಜಿ', ಎರಡೇ ಮನೆ.

ಅದಕ್ಕೇ ಹವ್ಯಾಸಿಗಳ ಜಗಳದಲ್ಲಿ ನನ್ನ ಓಟು ಪೆಟ್ಟಿಗೆಗೆ. ಹಸಿರು ಬೆಳಕಿನ ಮೋಹಕ್ಕಲ್ಲ, ಸಾಕ್ಷಿಗೆ. ಪೆಟ್ಟಿಗೆ ಕೈಯಲ್ಲಿದ್ದರೆ ಅದರ ಚಿಪ್‌ನೊಳಗಿನ ಬರಹ ತೆಗೆದು ಓದಬಹುದು. ನಾಳೆಯ ಎಮ್ಯುಲೇಟರ್‌ಗೆ ಕನ್ನಡ ಕಲಿಸಬಹುದು. ನಿಮ್ಮೂರಿನ ಯಾವುದಾದರೂ ಹಳೇ ಕಚೇರಿಯ ಗೋದಾಮಿನಲ್ಲಿ ಕನ್ನಡ ಕೀಲಿಗಳಿರೋ ಪೆಟ್ಟಿಗೆ ಕಂಡರೆ ತೂಕಕ್ಕೆ ಹಾಕಬೇಡಿ. ತಹಶೀಲ್ ಕಚೇರಿಗೆ ಅಲೆದವರಿಗೆ ಗೊತ್ತು: ನಕಲು ತಪ್ಪಿದೆ ಅಂತ ಸಾಬೀತು ಮಾಡೋಕೆ ಅಸಲು ಬೇಕೇ ಬೇಕು.